ವಾರದ ನಡುವೆ ಕೋಟೆ, ಭಾನುವಾರ ಸಂತೆ

ಪ್ರಶ್ನೆ: ನನಗೆ 63 ವರ್ಷ, ನಮ್ಮ ಯಜಮಾನರಿಗೆ 68. ಮೂವತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದೆವು. ನಿವೃತ್ತರಾದ ಮೇಲೆ ಪೋರ್ಚುಗಲ್‌ನ ಸೆತೂಬಾಲ್‌ಗೆ ಬಂದು ನೆಲೆಸಿ ಎಂಟು ತಿಂಗಳಾಯಿತು. ಕಾರು ಇಟ್ಟುಕೊಂಡಿಲ್ಲ. ಸಸ್ಯಾಹಾರಿಗಳು, ಮೊಟ್ಟೆ ಮಾತ್ರ ತಿನ್ನುತ್ತೇವೆ. ಪ್ರತಿ ಶನಿವಾರ, ಭಾನುವಾರ ಎಲ್ಲಿಗಾದರೂ ಹೊರಡುತ್ತೇವೆ. ಸಿಂತ್ರಾ, ಬೆಲೇಂ, ಎವೊರಾ, ಓಬಿದುಶ್ ಎಲ್ಲ ಮುಗಿಯಿತು. ಅವರಿಗೆ ಇನ್ನೂ ಕೋಟೆಗಳನ್ನು ನೋಡುವ ಆಸೆ. ನನಗೆ ಮಂಡಿನೋವು, ಕ್ಯೂ ನಿಂತು ಸಾಕಾಗಿದೆ. ಇಷ್ಟು ಓಡಾಡಿದರೂ ಈ ಊರು ನಮ್ಮದು ಅಂತ ಇನ್ನೂ ಅನಿಸಿಲ್ಲ. ನಮ್ಮ ವಾರಾಂತ್ಯಗಳನ್ನು ಹೇಗೆ ಕಳೆದರೆ ಒಳ್ಳೆಯದು?

ಉತ್ತರ: ನಿಮ್ಮ ಪತ್ರ ಓದಿ ಮೊದಲು ಅನಿಸಿದ್ದು, ಇಬ್ಬರ ಆಸೆಯೂ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ದಿನದಲ್ಲಿ. ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಶನಿವಾರ ಬಂತೆಂದರೆ ಕಾಲು ತಾನಾಗಿಯೇ ಹೊರಗೆ ಹೊರಡುತ್ತದೆ. ಈಗ ನಿಮಗೆ ವಾರದ ಏಳು ದಿನವೂ ಬಿಡುವು. ಆದರೂ ಲಿಸ್ಬನ್ನಿನ ಅರ್ಧ ಊರು ಹೊರಡುವ ದಿನವೇ ನೀವೂ ಹೊರಡುತ್ತಿದ್ದೀರಿ. ಸಿಂತ್ರಾದಲ್ಲಿ ಭಾನುವಾರ ಕ್ಯೂ ನಿಂತರೆ ಮಂಡಿ ನೋಯದೆ ಇರುತ್ತದೆಯೇ?

ನಾನು ಲಿಸ್ಬನ್‌ನಲ್ಲಿ ಹದಿನೆಂಟು ವರ್ಷದಿಂದ ಹಿರಿಯರಿಗೆ ಊರು ತೋರಿಸುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಹಾಗೆ ನಿವೃತ್ತರಾಗಿ ಬಂದವರಿಗೆ ನಾನು ಹೇಳುವುದು ಒಂದೇ. ಕೋಟೆ, ಅರಮನೆ, ಮಠಗಳನ್ನು ವಾರದ ನಡುವೆ ನೋಡಿ. ಶನಿವಾರ, ಭಾನುವಾರವನ್ನು ಇಲ್ಲಿಯ ಜನ ಹೇಗೆ ಕಳೆಯುತ್ತಾರೋ ಹಾಗೆ ಕಳೆಯಿರಿ. ಸಂತೆಗೆ ಹೋಗಿ, ನಿಧಾನವಾಗಿ ಊಟ ಮಾಡಿ, ನದೀತೀರದಲ್ಲಿ ಒಂದು ಸುತ್ತು ಹಾಕಿ. ಅದರಲ್ಲೂ ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗಿ.

ಮೊದಲು ಯಜಮಾನರ ಕೋಟೆಗಳ ಮಾತು ಮುಗಿಸೋಣ. ಮಂಗಳವಾರದಿಂದ ಶುಕ್ರವಾರದೊಳಗೆ ಒಂದು ದಿನ ಅವರಿಗೆಂದೇ ಇಡಿ. ಸೋಮವಾರ ಬೇಡ, ಅವತ್ತು ಬಹಳಷ್ಟು ಮ್ಯೂಸಿಯಂಗಳು ಮುಚ್ಚಿರುತ್ತವೆ. ಪೋರ್ಚುಗಲ್‌ನಲ್ಲಿ ವಾಸವಿರುವವರಿಗೆ ಸರ್ಕಾರದ ಮ್ಯೂಸಿಯಂ, ಸ್ಮಾರಕಗಳಿಗೆ ವರ್ಷಕ್ಕೆ 52 ದಿನ ಉಚಿತ ಪ್ರವೇಶವಿದೆ. 2024ರ ಆಗಸ್ಟ್‌ನಿಂದ ಈ ಏರ್ಪಾಟು ಬಂದಿದೆ. ಮೊದಲು ಭಾನುವಾರ, ಸರ್ಕಾರಿ ರಜಾದಿನ ಮಾತ್ರ ಉಚಿತವಿತ್ತು, ಈಗ ವಾರದ ಯಾವ ದಿನವಾದರೂ ಆಗುತ್ತದೆ. ಬೆಲೇಂನ ಜೆರೋನಿಮುಶ್ ಮಠ, ತೊಮಾರ್‌ನ ಕ್ರಿಸ್ತ ಮಠ, ಮಾಫ್ರಾದ ಅರಮನೆ, ಲಿಸ್ಬನ್‌ನ ಹೆಂಚಿನ ಚಿತ್ರಗಳ ಮ್ಯೂಸಿಯಂ ಎಲ್ಲ ಇದರಲ್ಲಿ ಬರುತ್ತವೆ. ನಿಮ್ಮ ರೆಸಿಡೆನ್ಸ್ ಕಾರ್ಡ್ ಮತ್ತು ತೆರಿಗೆ ನಂಬರ್ ಎರಡನ್ನೂ ಪರ್ಸಿನಲ್ಲಿಟ್ಟುಕೊಳ್ಳಿ. ಸಿಂತ್ರಾದ ಅರಮನೆಗಳನ್ನು ನೋಡಿಕೊಳ್ಳುವ ಸಂಸ್ಥೆ ಬೇರೆ, ಅಲ್ಲಿಗೆ ಇದು ನಡೆಯುವುದಿಲ್ಲ.

ಓಡಾಟದ ಖರ್ಚಿಗೂ ದಾರಿ ಇದೆ. ನವೆಗಾಂತ್ ಪಾಸ್ ಮಾಡಿಸಿದ್ದೀರಾ? ಇಲ್ಲದಿದ್ದರೆ ನಾಳೆಯೇ ಮಾಡಿಸಿ. ಲಿಸ್ಬನ್ ಸುತ್ತಲಿನ 18 ಪುರಸಭೆಗಳ ಬಸ್ಸು, ಮೆಟ್ರೋ, ಲೋಕಲ್ ರೈಲು, ತೇಜು ನದಿಯ ದೋಣಿ ಎಲ್ಲವೂ ಆ ಒಂದು ಪಾಸಿನಲ್ಲಿ ಆಗುತ್ತವೆ. ತಿಂಗಳಿಗೆ 40 ಯೂರೋ, 65 ದಾಟಿದವರಿಗೆ 20. ಸೆತೂಬಾಲ್ ಈ ವಲಯದ ದಕ್ಷಿಣದ ತುದಿಯಲ್ಲಿದೆ, ಮಾಫ್ರಾ ಉತ್ತರದ ತುದಿಯಲ್ಲಿ. ಅಂದರೆ ನಿಮ್ಮ ಮನೆಯಿಂದ ಮಾಫ್ರಾದವರೆಗೂ ಬೇರೆ ಟಿಕೆಟ್ ಬೇಕಿಲ್ಲ. ಆ ಅರಮನೆಯ ಲೈಬ್ರರಿಯಲ್ಲಿ ಬಾವಲಿಗಳಿವೆ. ರಾತ್ರಿ ಹೊರಬಂದು, ಪುಸ್ತಕ ಹಾಳುಮಾಡುವ ಹುಳುಗಳನ್ನು ತಿನ್ನುತ್ತವೆ. ಯಜಮಾನರಿಗೆ ಇಷ್ಟವಾಗುತ್ತದೆ ನೋಡಿ. ದೂರದ ರೈಲಿಗೆ 65 ದಾಟಿದವರಿಗೆ ಅರ್ಧ ಟಿಕೆಟ್. ನಿಮಗೆ ಇನ್ನೆರಡು ವರ್ಷ ಕಾಯಬೇಕು.

ಸಿಂತ್ರಾಕ್ಕೆ ಇನ್ನೊಮ್ಮೆ ಹೋಗುವುದಾದರೆ ಬುಧವಾರ ಬೆಳಿಗ್ಗೆ ಹೋಗಿ. ಬಣ್ಣಬಣ್ಣದ ಪೆನಾ ಅರಮನೆಯ ಗೊಡವೆ ಈ ಸಲ ಬೇಡ. ಮೊನ್ಸೆರಾತ್‌ಗೆ ಹೋಗಿ. ಫ್ರಾನ್ಸಿಸ್ ಕುಕ್ ಎಂಬ ಇಂಗ್ಲಿಷ್ ಬಟ್ಟೆ ವ್ಯಾಪಾರಿ 19ನೇ ಶತಮಾನದಲ್ಲಿ ಕಟ್ಟಿಸಿದ ಮನೆ ಅದು. ಒಳಗಿನ ಜಾಲಂದರಗಳಲ್ಲಿ, ಕಮಾನುಗಳಲ್ಲಿ ನಮ್ಮ ಮೊಘಲ್ ಕಟ್ಟಡಗಳ ಛಾಯೆ ಕಾಣುತ್ತದೆ. ಜನ ಕಡಿಮೆ. ತೋಟ ಇಳಿಜಾರಿನಲ್ಲಿದೆ, ನೀವು ಮೇಲಿನ ಹುಲ್ಲುಹಾಸಿನ ಬಳಿ ಕೂತಿರಿ, ಅವರು ಇಳಿದು ಹತ್ತಲಿ.

ಇನ್ನು ವಾರಾಂತ್ಯ. ನೀವು ಇರುವುದು ಎಂಥ ಊರಿನಲ್ಲಿ ಗೊತ್ತಾ? ಪೋರ್ಚುಗಲ್‌ನ ಬೇರೆ ಕಡೆಯವರು ಸೆತೂಬಾಲ್‌ನ ಮಾರ್ಕೆಟ್ ನೋಡಲೆಂದೇ ಬರುತ್ತಾರೆ. ಅವೆನಿದಾ ಲುಯೀಜಾ ತೋದಿ ರಸ್ತೆಯಲ್ಲಿರುವ ಮೆರ್ಕಾದು ದು ಲಿವ್ರಮೆಂತು. 1930ರ ಕಟ್ಟಡ. ಹಿಂಬದಿಯ ಗೋಡೆ ತುಂಬ ನೀಲಿ ಹೆಂಚಿನ ಚಿತ್ರಗಳು. ಮೀನುಗಾರರು, ಉಪ್ಪಿನ ಗದ್ದೆ, ಹೊಲ ಉಳುವವರು. ಸೋಮವಾರ ರಜೆ, ಉಳಿದ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೆರೆದಿರುತ್ತದೆ. ಅರ್ಧ ಜಾಗ ಮೀನಿನವರದು. ಅದರ ವಾಸನೆ ನಿಮಗೆ ಆಗದಿದ್ದರೆ ತರಕಾರಿಯ ಕಡೆಯ ಬಾಗಿಲಿಂದ ಒಳಗೆ ಹೋಗಿ.

ನೀವು ಅಲ್ಲಿಗೆ ಒಂದು ಸಲ ಹೋಗಿ ಫೋಟೋ ತೆಗೆದುಕೊಂಡು ಬಂದಿರಬಹುದು. ನಾನು ಹೇಳುವುದು ಪ್ರತಿ ಶನಿವಾರ ಹೋಗಿ ಅಂತ. ಅದೂ ಒಂದೇ ಅಂಗಡಿಗೆ. ವಯಸ್ಸಾದ ಒಬ್ಬ ಸೊಪ್ಪಿನವಳನ್ನು ಆರಿಸಿಕೊಳ್ಳಿ. ಬೆಲೆ ಎರಡು ಕಾಸು ಜಾಸ್ತಿಯಾದರೂ ಅಂಗಡಿ ಬದಲಾಯಿಸಬೇಡಿ. ನಾನು ಲಿಸ್ಬನ್‌ಗೆ ಬಂದ ಮೊದಲ ವರ್ಷ ಹೀಗೇ ಮಾಡಿದೆ. ಐದನೇ ವಾರವೋ ಆರನೇ ವಾರವೋ, ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕಿದಳು. ನಮ್ಮೂರ ಸಂತೆಯಲ್ಲಿ ಅಮ್ಮನಿಗೆ ಕರಿಬೇವು ಕೊಸರು ಸಿಗುತ್ತಿತ್ತಲ್ಲ, ಥೇಟ್ ಹಾಗೆ. ಆ ದಿನ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಮುಂದಿನ ತಿಂಗಳು ನನಗೆ ಜ್ವರ ಬಂದು ಎರಡು ವಾರ ಹೋಗಲಾಗಲಿಲ್ಲ. ಮೂರನೇ ವಾರ ಹೋದಾಗ ಎಲ್ಲಿ ಹೋಗಿದ್ದೆ ಅಂತ ಕೇಳಿದಳು. ಇಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲನೆಯವಳು ಅವಳೇ.

ಆ ತರಕಾರಿ ಸಾಲಿನಲ್ಲಿ ನಿಮಗೆ ಪರಿಚಯದವರು ಬಹಳ ಜನ ಸಿಗುತ್ತಾರೆ. ಯುರೋಪಿನ ಬೇರೆ ಕಡೆ ಕೊತ್ತಂಬರಿ ಸೊಪ್ಪಿನ ಬಳಕೆ ಕಡಿಮೆ. ಇಲ್ಲಿ, ಅದರಲ್ಲೂ ನಿಮ್ಮ ಪೂರ್ವಕ್ಕಿರುವ ಅಲೆಂತೇಜು ಸೀಮೆಯಲ್ಲಿ, ಕೊತ್ತಂಬರಿಯಿಲ್ಲದೆ ಅಡುಗೆಯಿಲ್ಲ. ಬೇಸಿಗೆಯಲ್ಲಿ ಬೆಲ್ದ್ರುಯೇಗಶ್ ಅಂತ ಕೇಳಿ. ಕಟ್ಟು ಬಿಚ್ಚಿ ನೋಡಿದರೆ ಅದು ನಮ್ಮ ಗೋಣಿಸೊಪ್ಪು! ಅಲೆಂತೇಜಿನವರು ಇಡೀ ಬೆಳ್ಳುಳ್ಳಿ ಗಡ್ಡೆ, ಮೊಟ್ಟೆ, ಕುರಿಹಾಲಿನ ಚೀಸ್ ಹಾಕಿ ಅದರ ಸೂಪು ಮಾಡಿ ಬ್ರೆಡ್ಡಿನ ಮೇಲೆ ಸುರಿಯುತ್ತಾರೆ. ನೀವು ಬೇಳೆ ಹಾಕಿ ಹುಳಿ ಮಾಡಿ. ಅಲಸಂದೆ, ಕಡಲೆ, ಕುಂಬಳಕಾಯಿ ಯಾವಾಗಲೂ ಇರುತ್ತವೆ. ಹೆಸರು ಕಲಿಯುವುದೂ ಕಷ್ಟವಿಲ್ಲ. ನಾನು ಉತ್ತರ ಕನ್ನಡ ಜಿಲ್ಲೆಯವಳು, ನಮ್ಮ ಕಡೆ ಆಲೂಗಡ್ಡೆಗೆ ಬಟಾಟೆ ಅಂತೇವೆ. ಇಲ್ಲಿಯೂ ಬತಾತಾ. ಅನಾನಸ್ ಇಲ್ಲಿಯೂ ಅನಾನಾಶ್. ಚಾವಿಗೆ ಶಾವ್. ನೂರಾರು ವರ್ಷದ ಹಿಂದೆ ಹಡಗಿನಲ್ಲಿ ಬಂದು ನಮ್ಮ ಬಾಯಲ್ಲಿ ಉಳಿದ ಮಾತುಗಳಿವು. ಭಟ್ಕಳ, ಹೊನ್ನಾವರದ ಬಂದರುಗಳಿಂದ ಮೆಣಸು ಇಲ್ಲಿಗೆ ಬರುತ್ತಿತ್ತು. ಆ ಹಳೆಯ ವ್ಯಾಪಾರದಲ್ಲಿ ನೋವಿನ ಕತೆಗಳೂ ಬಹಳ ಇವೆ. ಆದರೆ ಬಟಾಟೆ ಅಂತ ನೀವು ಹೇಳಿದಾಗ ಸೊಪ್ಪಿನವಳ ಮುಖ ಅರಳುತ್ತದಲ್ಲ, ಅದು ನಿಜವಾದ ಖುಷಿ.

ಮಾರ್ಕೆಟ್ ಮುಗಿದ ಮೇಲೆ ಹತ್ತಿರದ ಒಂದು ಕಾಫಿ ಅಂಗಡಿ. ಅದೂ ಪ್ರತಿ ವಾರ ಒಂದೇ ಇರಲಿ. ಫಿಲ್ಟರ್ ಕಾಫಿಯ ನಾಲಿಗೆಗೆ ಗಲಾಂವ್ ಎಂಬ ಹಾಲು ಜಾಸ್ತಿಯ ಕಾಫಿ ನೀರುನೀರು ಅನಿಸಬಹುದು. ಮೇಯ ದ ಲೈತ್ ಅಂತ ಕೇಳಿ, ಅರ್ಧ ಕಾಫಿ ಅರ್ಧ ಹಾಲು, ನಮ್ಮ ರುಚಿಗೆ ಅದೇ ಹತ್ತಿರ.

ಮೊದಲ ಭಾನುವಾರವನ್ನು ಅಜೈತಾಂವ್‌ಗೆ ಮೀಸಲಿಡಿ. ನಿಮ್ಮೂರ ಪಕ್ಕದ ಹಳ್ಳಿ, ಬಸ್ಸಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಅಲ್ಲಿ ದೊಡ್ಡ ಸಂತೆ ಕೂಡುತ್ತದೆ. ಸಸಿ, ಬುಟ್ಟಿ, ಬಟ್ಟೆ, ಒಣಹಣ್ಣು. ಈ ಊರಿನ ಚೀಸ್ ನಿಮಗೆ ವಿಶೇಷವಾಗಿ ಹೇಳಬೇಕು. ಬಹಳಷ್ಟು ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಸಸ್ಯಾಹಾರಿಗಳು ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ಅಜೈತಾಂವ್ ಚೀಸ್‌ನಲ್ಲಿ ಕುರಿಹಾಲನ್ನು ಒಡೆಸುವುದು ಒಂದು ಮುಳ್ಳುಗಿಡದ ಒಣಗಿದ ಹೂವಿನಿಂದ. ನೇರಳೆ ಬಣ್ಣದ ಹೂವು, ಕಾರ್ದು ಅಂತ ಹೆಸರು. ಸಣ್ಣ ಗುಂಡು ಚೀಸಿನ ಮೇಲ್ಭಾಗ ಕತ್ತರಿಸಿ, ಒಳಗಿನ ಮೆತ್ತನೆಯದನ್ನು ಚಮಚದಲ್ಲಿ ತೆಗೆದು ಬ್ರೆಡ್ಡಿಗೆ ಹಚ್ಚುತ್ತಾರೆ. ಕೊನೆಗೆ ಒಂಚೂರು ಕಹಿ ಉಳಿಯುತ್ತದೆ, ನನಗೆ ಅದೇ ಇಷ್ಟ. ಅಲ್ಲಿಯ ತೋರ್ತಾ ಎಂಬ ಸುರುಳಿ ಸಿಹಿಯಲ್ಲಿ ಮೊಟ್ಟೆ ಇದೆ, ನಿಮಗೆ ಅಡ್ಡಿಯಿಲ್ಲವಲ್ಲ.

ಭಾನುವಾರದ ಊಟದ ಮಾತು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಇಲ್ಲಿಯವರ ಭಾನುವಾರ ನಿಂತಿರುವುದೇ ಅದರ ಮೇಲೆ. ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಂದು ಗಂಟೆಗೆ ಕೂತರೆ ಮೂರೂವರೆಗೆ ಏಳುತ್ತಾರೆ. ನೀವು ಹನ್ನೆರಡೂವರೆಗೆ ಹೋಗಿ, ಜಾಗ ಸಿಗುತ್ತದೆ. ಮೂರರ ನಂತರ ಎಷ್ಟೋ ಕಡೆ ಒಲೆ ಆರಿಸುತ್ತಾರೆ, ಮತ್ತೆ ಹಚ್ಚುವುದು ಸಂಜೆ ಏಳಕ್ಕೆ. ಕೇಳದೆಯೇ ಮೇಜಿನ ಮೇಲೆ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಮುಟ್ಟಿದರೆ ದುಡ್ಡು, ಬೇಡವೆಂದರೆ ವಾಪಸ್ ಕಳಿಸಬಹುದು. ಅದರಲ್ಲಿ ಮೋಸ ಏನಿಲ್ಲ, ಇಲ್ಲಿಯ ಪದ್ಧತಿ.

ಸಸ್ಯಾಹಾರಿ ಅಂದರೆ ಹಳ್ಳಿಯ ಹೋಟೆಲಿನವರಿಗೆ ಅರ್ಥವಾಗುತ್ತದೆ, ಆದರೆ ಅವರ ಅರ್ಥವೇ ಬೇರೆ. ನನಗೊಮ್ಮೆ ಮಾಂಸ ಹಾಕಿಲ್ಲ ಎಂದು ಪ್ರಮಾಣ ಮಾಡಿ ಕೊಟ್ಟ ಸೂಪಿನಲ್ಲಿ ಹಂದಿಮಾಂಸದ ಚೂರು ತೇಲುತ್ತಿತ್ತು. ಅವರ ಲೆಕ್ಕದಲ್ಲಿ ಅದು ಒಗ್ಗರಣೆ, ಮಾಂಸದ ಲೆಕ್ಕಕ್ಕೆ ಬರುವುದಿಲ್ಲ! ಹಾಗಾಗಿ ಬಿಡಿಸಿ ಹೇಳಿ. ಸೆಂ ಕಾರ್ನ್, ಸೆಂ ಪೈಶ್, ಸೆಂ ಶೊರಿಸು. ಮಾಂಸ ಬೇಡ, ಮೀನು ಬೇಡ, ಹಂದಿಮಾಂಸದ ಸಾಸೇಜ್ ಬೇಡ ಅಂತ. ಕಾಲ್ದು ವೆರ್ದ್ ಎಂಬ ಕೋಸಿನೆಲೆಯ ಸೂಪು ಬಂದರೆ ಮೇಲೆ ಶೊರಿಸು ಚೂರು ಇದೆಯೇ ನೋಡಿಕೊಳ್ಳಿ. ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದಾರೆಯೇ ಅಂತಲೂ ಕೇಳಿ. ಟೊಮ್ಯಾಟೊ ಅನ್ನ, ಮೊಟ್ಟೆ, ಸಲಾಡ್ ಎಲ್ಲ ಕಡೆ ಮಾಡಿಕೊಡುತ್ತಾರೆ.

ನಮ್ಮ ಊಟವೇ ಬೇಕು ಅನಿಸಿದ ವಾರ ಲಿಸ್ಬನ್‌ನ ರಾಧಾಕೃಷ್ಣ ದೇವಸ್ಥಾನಕ್ಕೆ ಹೋಗಿ. ಅಲ್ಲಿಯ ಕ್ಯಾಂಟೀನಿನಲ್ಲಿ ಗುಜರಾತಿ ಸಸ್ಯಾಹಾರದ ಊಟ ಸಿಗುತ್ತದೆ. ಅದನ್ನು ಕಟ್ಟಿದ ಸಮುದಾಯದಲ್ಲಿ ಬಹುಪಾಲು ಗುಜರಾತಿಗಳು. ಅವರ ಹಿರಿಯರು ದಿಯು, ಗುಜರಾತ್ ಬಿಟ್ಟು ಮೊಜಾಂಬಿಕ್‌ಗೆ ಹೋಗಿದ್ದರು. 1975ರಲ್ಲಿ ಆ ದೇಶ ಸ್ವತಂತ್ರವಾಯಿತು, ಆಸುಪಾಸಿನ ವರ್ಷಗಳಲ್ಲಿ ಬಹಳಷ್ಟು ಕುಟುಂಬಗಳು ಇಲ್ಲಿಗೆ ಬಂದವು. ಎರಡು ಸಲ ಊರು ಬಿಟ್ಟವರು. ಅವರ ಜೊತೆ ಕೂತು ಮಾತಾಡಿ, ಈ ದೇಶದ ಬಗ್ಗೆ ನನಗಿಂತ ಜಾಸ್ತಿ ಹೇಳಬಲ್ಲರು. ಅಲ್ಲಿಗೆ ಹೋಗುವ ರೈಲಿನ ದಾರಿಯೂ ಚಂದ. ಸೆತೂಬಾಲ್‌ನಿಂದ ಹೊರಟ ಫೆರ್ತಾಗುಶ್ ಕಂಪನಿಯ ರೈಲು 1966ರ ತೂಗುಸೇತುವೆಯ ಕೆಳ ಅಂತಸ್ತಿನಲ್ಲಿ ತೇಜು ನದಿ ದಾಟುತ್ತದೆ. ಸೇತುವೆಗೆ ಮೊದಲು ಸರ್ವಾಧಿಕಾರಿ ಸಲಾಜಾರ್‌ನ ಹೆಸರಿತ್ತು. 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ದಿನದ ಹೆಸರನ್ನೇ ಇಟ್ಟರು. ಏಪ್ರಿಲ್ 25ರಂದು ನೀವೂ ಎದೆಗೆ ಆ ಕ್ರಾಂತಿಯ ಗುರುತಾದ ಒಂದು ಕೆಂಪು ಕಾರ್ನೇಷನ್ ಹೂವು ಸಿಕ್ಕಿಸಿಕೊಂಡು ಬೀದಿಗೆ ಇಳಿಯಿರಿ. ನಿಮ್ಮ ಪಕ್ಕದಲ್ಲಿ ನಡೆಯುವ ನಿಮ್ಮ ವಯಸ್ಸಿನವರು ಆ ದಿನವನ್ನು ಕಣ್ಣಾರೆ ಕಂಡವರು.

ಮನೆಯ ಹತ್ತಿರದ್ದನ್ನು ಬಿಟ್ಟು ದೂರ ಹೋಗುವುದು ಎಲ್ಲರೂ ಮಾಡುವ ತಪ್ಪು. ಜೆರೋನಿಮುಶ್ ಮಠ ನೋಡಲು ಬೆಲೇಂನಲ್ಲಿ ಕ್ಯೂ ನಿಂತಿರಲ್ಲ, ಅದರ ಮೊದಲ ಶಿಲ್ಪಿ ದಿಯೋಗು ಬೊಯ್ತಾಕ. ಅವನು ಅದಕ್ಕಿಂತ ಮೊದಲೇ ಕಟ್ಟಿದ ಚರ್ಚು ನಿಮ್ಮೂರಲ್ಲೇ ಇದೆ. ಕೊನ್ವೆಂತು ದ ಜೆಜುಶ್. 1490ರ ದಶಕದ ಕಟ್ಟಡ. ಒಳಗಿನ ಕಂಬಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೇರುತ್ತವೆ. ಕಲ್ಲು ನಿಮ್ಮ ಕಿಟಕಿಯಿಂದ ಕಾಣುವ ಅರ್ರಾಬಿದಾ ಬೆಟ್ಟದ್ದೇ, ಬಣ್ಣಬಣ್ಣದ ಹರಳು ಮೆತ್ತಿದಂಥ ಕಲ್ಲು. ಬೇಲೂರಿನ ಕಂಬಗಳನ್ನು ನೋಡಿದ ಕಣ್ಣಿಗೆ ಈ ಕಂಬಗಳ ಹತ್ತಿರ ನಿಂತು ಮುಟ್ಟಿ ನೋಡಬೇಕು ಅನಿಸುತ್ತದೆ. ಮಳೆ ಬರುವ ಶನಿವಾರಕ್ಕೆ ಇದೇ ಸರಿ. ಇನ್ನೊಂದು ಮಳೆಯ ದಿನ ಹಳೆಯ ಮೀನಿನ ಡಬ್ಬಿ ಕಾರ್ಖಾನೆಯಲ್ಲಿರುವ ದುಡಿಮೆಯ ಮ್ಯೂಸಿಯಂ ನೋಡಿ. ಡಬ್ಬಿ ತುಂಬುತ್ತಿದ್ದ ಹೆಂಗಸರ ಬದುಕು ಅಲ್ಲಿದೆ. ನನ್ನ ಮಟ್ಟಿಗೆ ಅದು ಈ ಊರಿನ ಯಾವ ಕೋಟೆಗಿಂತಲೂ ದೊಡ್ಡದು.

ಬಿಸಿಲಿರುವ ಭಾನುವಾರ ಸಂಜೆ ಸಾದು ನದಿಯ ದಡಕ್ಕೆ ಹೋಗಿ ಕೂತುಕೊಳ್ಳಿ. ಈ ಅಳಿವೆಯಲ್ಲಿ ಡಾಲ್ಫಿನ್‌ಗಳ ಒಂದು ಗುಂಪು ಕಾಯಂ ಆಗಿ ವಾಸವಿದೆ, ಸುಮಾರು ಮೂವತ್ತರ ಆಸುಪಾಸು. ದಡದಿಂದ ಕಾಣುವುದು ಅಪರೂಪ. ಎದುರಿನ ತ್ರೋಯಾಕ್ಕೆ ಹೋಗುವ ದೋಣಿಯಿಂದ ಕೆಲವೊಮ್ಮೆ ಕಾಣುತ್ತವೆ. ಅರ್ರಾಬಿದಾದ ಸಮುದ್ರತೀರಕ್ಕೆ ಬೇಸಿಗೆಯಲ್ಲಿ ಬಸ್ಸು ಓಡುತ್ತದೆ, ಜೂನ್‌ನಲ್ಲೇ ಹೋಗಿಬನ್ನಿ, ಆಮೇಲೆ ಗದ್ದಲ. ನೀರು ಆಗಸ್ಟ್‌ನಲ್ಲೂ ತಣ್ಣಗೇ ಇರುತ್ತದೆ. ಗೋಕರ್ಣದ ಸಮುದ್ರ ನೆನೆದು ಒಮ್ಮೆಗೇ ಇಳಿಯಬೇಡಿ.

ಎವೊರಾ ಮುಗಿಯಿತು ಅಂದಿರಿ. ಸುಮಾರು 5000 ಜನರ ಎಲುಬುಗಳಿಂದ ಕಟ್ಟಿದ ಆ ಪ್ರಾರ್ಥನಾಮಂದಿರ ನೋಡಿ ಬಂದಿರಬೇಕು. ಇನ್ನೊಮ್ಮೆ ಹೋಗಿ, ಈ ಸಲ ಊಟಕ್ಕೆಂದು. ಲಿಸ್ಬನ್‌ವರೆಗೆ ಹೋಗಬೇಕಿಲ್ಲ, ಎವೊರಾ ರೈಲು ನಿಮ್ಮ ಹತ್ತಿರದ ಪಿನ್ಯಾಲ್ ನೋವೊದಲ್ಲಿ ನಿಲ್ಲುತ್ತದೆ. ಅಲ್ಲಿ ಅಸೋರ್ದಾ ಕೇಳಿ. ಹಳೆಯ ಬ್ರೆಡ್, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆ, ಬಿಸಿನೀರು, ಮೇಲೊಂದು ಮೊಟ್ಟೆ. ಬಡವರ ಊಟವಾಗಿ ಹುಟ್ಟಿದ್ದು. ಸಾರು ಕುಡಿದು ಬೆಳೆದ ನಮಗೆ ಮೊದಲ ಗುಟುಕಿಗೇ ಹಿಡಿಸುತ್ತದೆ. ಮೀನು ಬೇಯಿಸಿದ ನೀರು ಹಾಕಬೇಡಿ ಅಂತ ಮೊದಲೇ ಹೇಳಿಬಿಡಿ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಕೆಲವು ದಿನ ಬಿಸಿಲು 40 ಡಿಗ್ರಿ ದಾಟುತ್ತದೆ.

ಮಂಡಿಯ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಇಲ್ಲಿಯ ಕಾಲುದಾರಿಯ ಬಿಳಿಕಲ್ಲು ಸವೆದು ನುಣ್ಣಗಾಗಿದೆ. ಮಳೆ ಬಿದ್ದರೆ ಪಾಚಿಗಟ್ಟಿದ ಮೆಟ್ಟಿಲಿನ ಹಾಗೆ. ನನ್ನ ಜೊತೆ ಬಂದಿದ್ದ ಒಬ್ಬ ಅಜ್ಜಿ ಹಾಗೆ ಜಾರಿ ಮಣಿಕಟ್ಟು ಮುರಿದುಕೊಂಡರು. ಅವತ್ತು ಮಳೆಯಲ್ಲಿ ಹೊರಡಿಸಿದವಳು ನಾನೇ, ಈಗಲೂ ಆ ಸಂಕಟ ಹೋಗಿಲ್ಲ. ರಬ್ಬರ್ ತಳದ ಶೂ ಹಾಕಿ, ಒಂದು ಕೋಲು ಇಟ್ಟುಕೊಳ್ಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ನೋಡಿಕೊಂಡೇ ಹೊರಡಿ.

ಇನ್ನೊಂದು ವಿಷಯ, ಹೊಸಬರಿಗೆ ಯಾರೂ ಹೇಳುವುದಿಲ್ಲ. ಇಲ್ಲಿ ಜುಂತ ದ ಫ್ರೆಗೆಜಿಯ ಅಂತ ಇದೆ, ನಮ್ಮ ಗ್ರಾಮ ಪಂಚಾಯ್ತಿಯ ಹಾಗೆ, ಪಟ್ಟಣದಲ್ಲೂ ಇರುತ್ತದೆ. ಎಷ್ಟೋ ಜುಂತಗಳು ತಮ್ಮ ವ್ಯಾಪ್ತಿಯ ಹಿರಿಯರನ್ನು ಬಸ್ಸು ಮಾಡಿ ಪ್ರವಾಸ ಕರೆದೊಯ್ಯುತ್ತವೆ. ನಿಮ್ಮ ಜುಂತದ ಕಚೇರಿಗೆ ಹೋಗಿ ಇಬ್ಬರ ಹೆಸರೂ ಬರೆಸಲಾಗುತ್ತದೆಯೇ ಕೇಳಿ. ಯಜಮಾನರಿಗೆ ಕೋಟೆ ಸಿಗುತ್ತದೆ, ನಿಮಗೆ ಪಕ್ಕದ ಸೀಟಿನಲ್ಲಿ ಮಾತಿಗೆ ಒಬ್ಬರು ಸಿಗುತ್ತಾರೆ. ಹಿರಿಯರ ವಿಶ್ವವಿದ್ಯಾಲಯ ಎಂಬ ಏರ್ಪಾಟೂ ಬಹಳ ಊರುಗಳಲ್ಲಿದೆ. ಪರೀಕ್ಷೆ ಏನಿಲ್ಲ. ಭಾಷೆ, ಹಾಡು, ಚಿತ್ರ ಕಲಿಸುತ್ತಾರೆ.

ಜೂನ್ ಬಂದಾಗ ನಿಮ್ಮ ಸೊಪ್ಪಿನವಳ ಬಳಿ ಮಂಜೆರಿಕು ಕುಂಡ ಕೇಳಿ. ಸಂತ ಆಂಟನಿಯ ಹಬ್ಬಕ್ಕೆ ಪ್ರೀತಿಯವರಿಗೆ ಕೊಡುವ ಪುಟ್ಟ ಗಿಡ, ಮೇಲೆ ಕಾಗದದ ಹೂವು, ಒಂದು ಚುಟುಕು ಪದ್ಯ. ನಮ್ಮ ತುಳಸಿಯ ಹತ್ತಿರದ ನೆಂಟ ಅದು. ಮೂಗು ಹತ್ತಿರ ತಂದು ಮೂಸಬಾರದು, ಗಿಡ ಒಣಗುತ್ತದೆ ಅಂತ ನಂಬಿಕೆ. ಅಂಗೈಯಿಂದ ಮೆಲ್ಲಗೆ ಸವರಿ, ಕೈಯನ್ನು ಮೂಸಿ ನೋಡುತ್ತಾರೆ. ಎರಡು ಕುಂಡ ತಗೊಳ್ಳಿ. ಒಂದನ್ನು ನಿಮ್ಮ ಕಿಟಕಿಯಲ್ಲಿಡಿ, ಇನ್ನೊಂದನ್ನು ಎದುರು ಮನೆಯವರಿಗೆ ಕೊಡಿ.